ಸೂಜಿಗೆ ದಾರ ಹಾಕುವ ಕಣ್ಣು

ನಮ್ಮಪ್ಪ ಟೇಲರ್. ಗದಗಿನಲ್ಲಿ 40 ವರ್ಷದಿಂದ ಅದೇ ಅಂಗಡಿ, ಕಾಲಲ್ಲಿ ತುಳಿಯುವ ಅದೇ ಮಷೀನು. ಅವನಿಗೀಗ 66. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ತೂರಿಸುತ್ತಾನೆ. ಅವ್ವನಿಗೂ ನನಗೂ ತಮ್ಮನಿಗೂ ಮೂರು ಸಲಕ್ಕೂ ಆಗದ ಕೆಲಸ ಅದು. ಹಾಗಾಗಿ ಮನೆಯಲ್ಲಿ ಕಣ್ಣಿನ ಮಾತು ಬಂದಾಗಲೆಲ್ಲ ಅಪ್ಪನದು ಒಂದೇ ಉತ್ತರ: “ನನ್ನ ಕಣ್ಣಿಗೇನಾಗೇತಿ? ಸೂಜಿಗೆ ದಾರ ಹಾಕ್ತೀನಿ ನೋಡ.” ಅದಕ್ಕೆ ನಮ್ಮಲ್ಲಿ ಎದುರು ಮಾತಿರಲಿಲ್ಲ.

ನಾನು ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಓದಿದ್ದು ಭಾಷಾವಿಜ್ಞಾನ, ಹೊಟ್ಟೆಪಾಡು ಅನುವಾದ. ಬ್ಯಾಂಕಿನ ಸುತ್ತೋಲೆ, ಮಿಕ್ಸರಿನ ಕೈಪಿಡಿ, ಆ್ಯಪಿನ ಗುಂಡಿಗಳ ಮೇಲಿನ ಎರಡೆರಡು ಪದ, ಹೀಗೆ ಏನು ಬಂದರೂ ಮಾಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಸಂಸ್ಥೆಯಿಂದ ನಾಲ್ಕು ಪುಟದ ಆರೋಗ್ಯ ಕರಪತ್ರ ಬಂತು. ವಿಷಯ ಗ್ಲಾಕೋಮಾ. ಎರಡನೇ ಪುಟದಲ್ಲಿ ಒಂದು ಚಿತ್ರವಿತ್ತು: ಬೀದಿಯಲ್ಲಿ ಚೆಂಡಾಡುವ ಮಕ್ಕಳು, ಸುತ್ತಲೂ ದಟ್ಟ ಕಪ್ಪು, ನಡುವೆ ಮಾತ್ರ ಬೆಳಕಿನ ಒಂದು ದುಂಡು ಕಿಂಡಿ. ಅದರ ಕೆಳಗಿನ ಸಾಲನ್ನು ನಾನು ಕನ್ನಡಕ್ಕೆ ತಂದದ್ದು ಹೀಗೆ: ‘ಕಪ್ಪು ಸುರಂಗದೊಳಗಿಂದ ನೋಡಿದಂತೆ ಕಾಣುತ್ತದೆ.’ ಸಾಲು ಚೆನ್ನಾಗಿ ಬಂದಿದೆ ಅನಿಸಿತ್ತು.

ಇಂಥ ಕೆಲಸ ಬಂದಾಗ ನನ್ನ ಮೊದಲ ಓದುಗ ಅಪ್ಪನೇ. ಏಳನೇ ಇಯತ್ತೆ ಓದಿದ ಮನುಷ್ಯ. ಅವನಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ. ವಾಟ್ಸ್ಯಾಪಿನಲ್ಲಿ ಕಳಿಸಿದೆ. ಸಂಜೆ ಫೋನಿನಲ್ಲಿ ಪೂರ್ತಿ ಗಟ್ಟಿಯಾಗಿ ಓದಿ ಒಪ್ಪಿಸಿದ. ‘ಬಾಹ್ಯ ದೃಷ್ಟಿ’ ಎಂದು ಬರೆದಿದ್ದೆ. “ಅದೇನವಾ ಬಾಹ್ಯ? ಪಕ್ಕದ ನೋಟ ಅನ್ನ, ಆತು,” ಎಂದ. ತಿದ್ದಿಕೊಂಡೆ. ಫೋನಿಡುವ ಮೊದಲು ಚಿತ್ರದ ಬಗ್ಗೆಯೂ ಒಂದು ಮಾತು ಹೇಳಿದ: “ಪಾಪ, ಹಿಂಗ ಆದವರ ಗತಿ ಏನ.”

ಆಗಲೇ ಅವನ ಎರಡೂ ಕಣ್ಣಿಗೆ ಗ್ಲಾಕೋಮಾ ಇತ್ತು.

ಇದು ನಮಗೆ ಗೊತ್ತಾದದ್ದು ಹೋದ ದೀಪಾವಳಿಗೆ, ಅದೂ ಕಣ್ಣಿನಿಂದಲ್ಲ, ಕೈಯಿಂದ. ಅಪ್ಪ ಅವ್ವ ಪುಣೆಗೆ ಬಂದಿದ್ದರು. ನಮ್ಮದು ಲಿಫ್ಟಿಲ್ಲದ ಹಳೆಯ ಕಟ್ಟಡ. ಹಾಲು ತರಲು ಇಳಿದ ಅಪ್ಪ ಕೊನೆಯ ಮೆಟ್ಟಿಲು ತಪ್ಪಿ ಬಿದ್ದ. ಎಡ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕುತ್ತಿದ್ದ ಚಿಕ್ಕ ವಯಸ್ಸಿನ ಮೂಳೆ ಡಾಕ್ಟರು ಒಂದು ಪ್ರಶ್ನೆ ಕೇಳಿದರು: ತಲೆ ತಿರುಗಿತೇ, ಕಾಲು ಜಾರಿತೇ, ಅಥವಾ ಮೆಟ್ಟಿಲೇ ಕಾಣಲಿಲ್ಲವೇ? ಅಪ್ಪ ಸ್ವಲ್ಪ ಯೋಚಿಸಿ, “ಮೆಟ್ಲ ಮುಗದಾವು ಅಂತ ತಿಳಕೊಂಡಿದ್ದೆ,” ಎಂದ. ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರು ಚೀಟಿಯ ಹಿಂದೆ ಕಣ್ಣಿನ ಆಸ್ಪತ್ರೆಯೊಂದರ ಹೆಸರು ಬರೆದುಕೊಟ್ಟರು.

ಎರಡು ವರ್ಷದಿಂದ ಮನೆಯಲ್ಲಿ ನಡೆಯುತ್ತಿದ್ದುದೆಲ್ಲ ಆಮೇಲೆ ಒಂದೊಂದಾಗಿ ನೆನಪಾಯಿತು. ಕಾಲ ಹತ್ತಿರ ಇಟ್ಟ ಚಹಾ ಕಪ್ಪನ್ನು ಅಪ್ಪ ಒದೆಯುತ್ತಿದ್ದ. ಹೊಸ್ತಿಲು ಎಡವುತ್ತಿದ್ದ. ಮಷೀನಿನ ಹಲಗೆಯ ಮೇಲೇ ಇರುವ ಕತ್ತರಿಗಾಗಿ, “ಕತ್ತರಿ ಯಾರ ತಗೊಂಡ್ರಿ?” ಎಂದು ಕೂಗಾಡುತ್ತಿದ್ದ. ನಾವು ಅದನ್ನು ಮರೆವು ಅಂದೆವು, ವಯಸ್ಸು ಅಂದೆವು, ಅವ್ವ ಸಿಟ್ಟು ಬಂದಾಗ ಸೊಕ್ಕು ಅಂದಳು. ಒಮ್ಮೆ ನಾನೇ, “ಮೂಗಿನ ಕೆಳಗ ಐತಲ್ಲಪಾ, ನೋಡಿ ಹುಡುಕು,” ಎಂದು ರೇಗಿದ್ದೆ. ಮೂಗಿನ ಕೆಳಗಿನದೇ ಅವನಿಗೆ ಕಾಣುತ್ತಿರಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಮೊದಲು ಅಕ್ಷರದ ಹಲಗೆ ಓದಿಸಿದರು. ಕನ್ನಡಕದೊಂದಿಗೆ ಕೊನೆಯ ಸಾಲಿನವರೆಗೂ ಓದಿದ. ನನ್ನ ಕಡೆ ತಿರುಗಿ ಗೆದ್ದವನ ಹಾಗೆ ನಕ್ಕ ಕೂಡ. ಆಮೇಲೆ ಕಣ್ಣಿನ ಒತ್ತಡ ಅಳೆದರು: ಬಲಕ್ಕೆ 24, ಎಡಕ್ಕೆ 29. ಸಾಮಾನ್ಯವಾಗಿ 10ರಿಂದ 21 ಎಂದು ಹಿಡಿಯುತ್ತಾರೆ. ಹನಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ ಒಳಗೆ ನೋಡಿದ ಡಾಕ್ಟರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಮರಾಠಿಯಲ್ಲಿ ಹೇಳಿದರು: ಕಾಚಬಿಂದು.

ಕಣ್ಣಿನೊಳಗೆ ಒಂದು ತಿಳಿನೀರು ಸದಾ ಒಸರುತ್ತಿರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಹೊರಗಿನದು, ಇದು ಒಳಗಿನದು. ಮಸೂರಕ್ಕೂ ಅದರ ಮುಂದಿನ ಪಾರದರ್ಶಕ ಪದರಕ್ಕೂ ರಕ್ತನಾಳಗಳಿಲ್ಲ. ಅವಕ್ಕೆ ಆಹಾರ ಈ ನೀರಿನಿಂದಲೇ. ಪ್ರಮಾಣ ತೀರಾ ಕಡಿಮೆ, ಒಂದು ಹನಿಯಷ್ಟು ಕೂಡಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಒಸರಿದಷ್ಟೇ ನೀರು ಕಣ್ಣಿನ ಬಣ್ಣದ ಭಾಗದ ಅಂಚಿನಲ್ಲಿರುವ ಸೋಸುವ ಜಾಲದ ಮೂಲಕ ಹೊರಹೋಗಿ ರಕ್ತ ಸೇರಬೇಕು. ಜಾಲ ಕಟ್ಟಿಕೊಂಡರೆ ಒಳಬರುವುದು ನಿಲ್ಲುವುದಿಲ್ಲ, ಹೊರಹೋಗುವುದು ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ಕೆಲವರಿಗೆ ಆ ದಾರಿ ಇದ್ದಕ್ಕಿದ್ದಂತೆ ಮುಚ್ಚಿಹೋಗುವುದೂ ಉಂಟು. ಆಗ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಅವರು ಒಂದು ರೀತಿಯಲ್ಲಿ ಪುಣ್ಯವಂತರು, ಅದೇ ದಿನ ಆಸ್ಪತ್ರೆಗೆ ಓಡುತ್ತಾರೆ. ಅಪ್ಪನದು ನಿಧಾನದ ಜಾತಿ. ನೋವಿಲ್ಲ, ಕೆಂಪಿಲ್ಲ, ಏನೂ ಇಲ್ಲ.

ಒತ್ತಡ ಎಲ್ಲ ಕಡೆ ಸಮನಾಗಿ ಬಿದ್ದರೂ ಪೆಟ್ಟು ತಿನ್ನುವುದು ಒಂದೇ ಜಾಗ. ಕಣ್ಣಿನ ಹಿಂಗೋಡೆಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಒಂದು ಕಂಡಿ ಇದೆ. ಕಣ್ಣಿನ ಪರದೆಯ ಮೂಲೆಮೂಲೆಯಿಂದ ಬಂದ ಹತ್ತು ಹನ್ನೆರಡು ಲಕ್ಷ ನರದ ಎಳೆಗಳು ಅಲ್ಲಿ ಕೂಡಿ, ಲಂಬಕೋನದಲ್ಲಿ ಬಾಗಿ, ಒಂದು ಜರಡಿಯ ತೂತುಗಳಲ್ಲಿ ನುಸುಳಿ, ಕಟ್ಟಾಗಿ ಮಿದುಳಿಗೆ ಹೊರಡುತ್ತವೆ. ಒತ್ತಡಕ್ಕೆ ಜರಡಿ ಹಿಂದಕ್ಕೆ ಬಾಗುತ್ತದೆ, ತೂತುಗಳು ಓರೆಯಾಗುತ್ತವೆ, ಎಳೆಗಳು ಹಿಸುಕಿಕೊಳ್ಳುತ್ತವೆ. ಎಳೆಯೊಳಗೆ ಆ ಕಡೆಯಿಂದ ಈ ಕಡೆಗೆ ಸಾಗಬೇಕಾದ ಪೋಷಕ ಸರಕು ಅಲ್ಲೇ ತಡೆದು ನಿಲ್ಲುತ್ತದೆ. ಎಳೆ ಸಾಯುತ್ತದೆ, ಅದರ ಬುಡದ ಕೋಶವೂ ಸಾಯುತ್ತದೆ. ಮತ್ತೆ ಹುಟ್ಟುವುದಿಲ್ಲ. ಎಳೆಗಳು ಕಡಿಮೆಯಾದಂತೆ ಕಂಡಿಯ ನಡುವಿನ ಕುಳಿ ಬಟ್ಟಲಿನಂತೆ ಅಗಲವಾಗುತ್ತದೆ. ಡಾಕ್ಟರು ಒಳಗಿಣುಕಿ ನೋಡುವುದು ಆ ಬಟ್ಟಲನ್ನೇ.

ಒತ್ತಡವೇ ಪೂರ್ತಿ ಕಾರಣ ಎಂದೂ ಹೇಳಲಾಗದು. 21ರ ಒಳಗೇ ಇದ್ದು ನರ ಸವೆಯುವವರಿದ್ದಾರೆ, 25 ಇದ್ದೂ ವರ್ಷಗಟ್ಟಲೆ ಏನೂ ಆಗದವರಿದ್ದಾರೆ. ಜರಡಿಯ ಗಟ್ಟಿತನ, ರಕ್ತದ ಹರಿವು, ಮನೆತನ ಎಲ್ಲ ಸೇರುತ್ತವೆ. ನಾನು ಕರಪತ್ರದಲ್ಲಿ ‘ಕಣ್ಣಿನ ಒತ್ತಡದ ಕಾಯಿಲೆ’ ಎಂದು ಸರಳ ಮಾಡಿದ್ದೆ. ಅದೂ ಅರ್ಧ ತಪ್ಪು. “ನಂಗ ಎಲ್ಲೀ ಟೆನ್ಷನ್ನವಾ? ಬೀಪಿನೂ ಇಲ್ಲ,” ಎಂದ ಅಪ್ಪ. ರಕ್ತದೊತ್ತಡ, ಮನಸ್ಸಿನ ಒತ್ತಡ, ಕಣ್ಣಿನ ಒತ್ತಡ ಮೂರಕ್ಕೂ ಒಂದೇ ಪದ ಕೊಟ್ಟರೆ ಇನ್ನೇನಾಗುತ್ತದೆ?

ಜರಡಿಯ ಮೇಲಿನ ಮತ್ತು ಕೆಳಗಿನ ಕಡೆ ತೂತುಗಳು ದೊಡ್ಡವು, ಆಸರೆ ತೆಳು. ಹಾಗಾಗಿ ಅಲ್ಲಿನ ಎಳೆಗಳಿಗೆ ಮೊದಲ ಪೆಟ್ಟು. ಕಣ್ಣಿನೊಳಗೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಮೇಲಿನ ಎಳೆ ಸತ್ತರೆ ಕೆಳಗಿನ ನೋಟ ಹೋಗುತ್ತದೆ. ಅಪ್ಪನಿಗೆ ಆದದ್ದು ಇದು. ಅಕ್ಷರ ಓದುವ, ಮುಖ ಗುರುತಿಸುವ, ಸೂಜಿಗೆ ದಾರ ಹಾಕುವ ನಟ್ಟನಡುವಿನ ನೋಟದ ಎಳೆಗಳು ಸಾಮಾನ್ಯವಾಗಿ ಕೊನೆಯವರೆಗೂ ಉಳಿದಿರುತ್ತವೆ. ಅಂದರೆ ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆ ಚಾಲ್ತಿಯಲ್ಲಿದ್ದ ಕಣ್ಣಿನ ಪರೀಕ್ಷೆ, ಈ ಕಾಯಿಲೆ ಕಟ್ಟಕಡೆಗೆ ಮುಟ್ಟುವ ಜಾಗವನ್ನೇ ಪರೀಕ್ಷಿಸುತ್ತಿತ್ತು.

ಇನ್ನು ಕಪ್ಪಿನ ವಿಷಯ. ಫೀಲ್ಡ್ ಟೆಸ್ಟಿನ ಕಾಗದ ಕೈಗೆ ಬಂದಾಗ ಎರಡೂ ಕಣ್ಣಿನ ವೃತ್ತಗಳ ಕೆಳಭಾಗದಲ್ಲಿ ಬಿಲ್ಲಿನ ಆಕಾರದ ಕಪ್ಪು ಮಸಿ ಇತ್ತು, ಎಡಗಣ್ಣಿಗೆ ಹೆಚ್ಚು. ಅಪ್ಪ ಅದನ್ನು ಕನ್ನಡಕ ಏರಿಸಿ ನೋಡಿ, “ಇದು ನಂದಲ್ಲ,” ಎಂದ. ಬೇರೆಯವರದು ಅದಲುಬದಲಾಗಿದೆ ಎಂದೇ ಅವನ ವಾದ. “ಕಪ್ಪ ಎಲ್ಲೂ ಇಲ್ಲವಾ ನಂಗ. ಬೇಕಾದ್ರ ಆಣಿ ಮಾಡ್ತೀನಿ.” ಆಗ ನನಗೆ ಕರಪತ್ರದ ಚಿತ್ರ ನೆನಪಾಗಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ಅವನು ಆ ಚಿತ್ರ ನೋಡಿದ್ದ, ನನ್ನ ಸಾಲು ಓದಿದ್ದ, ಅರ್ಥ ಮಾಡಿಕೊಂಡಿದ್ದ, ತನಗೆ ಹಾಗೇನೂ ಇಲ್ಲ ಎಂದು ಸರಿಯಾಗಿಯೇ ತೀರ್ಮಾನಿಸಿದ್ದ.

ಆ ರಾತ್ರಿ ಹುಡುಕಿ ಓದಿದೆ. 2013ರಲ್ಲಿ ಲಂಡನ್ನಿನ ಸಂಶೋಧಕರು 50 ಮಂದಿ ಗ್ಲಾಕೋಮಾ ರೋಗಿಗಳಿಗೆ ಹಲವು ಚಿತ್ರ ತೋರಿಸಿ, ನಿಮಗೆ ಕಾಣುವುದು ಇದರಲ್ಲಿ ಯಾವುದರ ಹಾಗಿದೆ ಎಂದು ಕೇಳಿದ್ದರು. ಕಪ್ಪು ಸುರಂಗವನ್ನೂ ಕಪ್ಪು ಕಲೆಗಳನ್ನೂ ಒಬ್ಬರೂ ಆರಿಸಲಿಲ್ಲ. ಅರ್ಧಕ್ಕಿಂತ ತುಸು ಹೆಚ್ಚು ಜನ ಅಲ್ಲಲ್ಲಿ ಮಬ್ಬಾದ ಚಿತ್ರ ತೋರಿಸಿದರು. ಕೆಲವರು ವಸ್ತುಗಳೇ ಮಾಯವಾದ ಚಿತ್ರ ತೋರಿಸಿದರು. ಕಾಲು ಭಾಗದಷ್ಟು ಜನ, ನಮಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ ಎಂದರು. ಆ ಕರಪತ್ರ ಒಪ್ಪಿಸುವ ಮೊದಲು ಇದನ್ನು ಓದಲು ನನಗೆ ಅರ್ಧ ಗಂಟೆ ಸಾಕಿತ್ತು. ಪದಕ್ಕಿಷ್ಟು ಎಂದು ಎಣಿಸಿ ದುಡಿಯುವವರು ಆ ಅರ್ಧ ಗಂಟೆ ಕೊಡುವುದಿಲ್ಲ. ನಾನೂ ಕೊಡಲಿಲ್ಲ.

ಕಪ್ಪು ಯಾಕೆ ಕಾಣುವುದಿಲ್ಲ ಎಂಬುದನ್ನು ನೀವು ಕುಳಿತಲ್ಲೇ ನೋಡಬಹುದು. ಎರಡೂ ಕೈ ನೀಡಿ, ಹೆಬ್ಬೆರಳುಗಳನ್ನು ಜೋಡಿಸಿ ನೆಟ್ಟಗೆ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತ, ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿನ ಒಳಗೇ ಎಲ್ಲೋ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ನರದ ಎಳೆಗಳೆಲ್ಲ ಹೊರಹೋಗುವ ಆ ಕಂಡಿಯ ಮೇಲೆ ಬೆಳಕು ಹಿಡಿಯುವ ಕೋಶಗಳಿಲ್ಲ. ಅಲ್ಲಿ ಬಿದ್ದದ್ದು ಯಾರಿಗೂ ಕಾಣುವುದಿಲ್ಲ. ಫ್ರಾನ್ಸಿನ ಮಾರಿಯೊಟ್ 17ನೇ ಶತಮಾನದಲ್ಲೇ ಇದನ್ನು ಕಂಡುಹಿಡಿದ. ಆದರೆ ಬೆರಳು ಹೋದ ಜಾಗದಲ್ಲಿ ಏನಿದೆ ಎಂದು ಗಮನಿಸಿ. ಅಲ್ಲಿ ತೂತಿಲ್ಲ, ಕಪ್ಪಿಲ್ಲ. ಹಿಂದಿನ ಗೋಡೆ ಗೋಡೆಯಾಗಿಯೇ ಮುಂದುವರಿದಿರುತ್ತದೆ. ಸುತ್ತಲಿನದನ್ನೇ ಎಳೆದು ಮಿದುಳು ಅಲ್ಲಿಗೆ ಹಚ್ಚಿರುತ್ತದೆ. ಹುಟ್ಟಿದಾಗಿನಿಂದ ನಮ್ಮ ಒಂದೊಂದು ಕಣ್ಣಲ್ಲೂ ಇಂಥ ಒಂದು ಬೋಳು ಜಾಗ ಇದ್ದರೂ ನಮಗೆ ಗೊತ್ತೇ ಇಲ್ಲ. ಗ್ಲಾಕೋಮಾ ಆದವರಲ್ಲಿ ಅಂಥ ಜಾಗ ಮೆಲ್ಲಗೆ ಬೆಳೆಯುತ್ತದೆ. ಮೇಲಾಗಿ ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತಿರುತ್ತದೆ.

ಅಪ್ಪನಿಗೂ ಇದನ್ನು ಮಾಡಿಸಿದೆ, ಪ್ಲಾಸ್ಟರ್ ಹಾಕಿದ ಕೈ ಎತ್ತಲಾಗದೆ ಎಡ ಹೆಬ್ಬೆರಳಿನ ಬದಲು ಗೋಡೆಯ ಮೇಲೆ ಒಂದು ಗುರುತು ಮಾಡಿ. ನಾಲ್ಕೈದು ಸಲ ಬೆರಳು ಆಚೆ ಈಚೆ ಆಡಿಸಿದ. “ಹೌದಲ್ಲ! ಬಳ್ಳ ಹೋತು, ಗ್ವಾಡಿ ಐತಿ.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ರಫೂ ಮಾಡಿದಂಗ,” ಎಂದ.

ರಫೂ ಗೊತ್ತಲ್ಲ. ಹರಿದ ಜಾಗಕ್ಕೆ ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ಉದ್ದಕ್ಕೂ ಅಡ್ಡಕ್ಕೂ ನೇಯ್ದು ಮುಚ್ಚುವುದು. ಒಳ್ಳೆಯ ಕೈಯಾದರೆ ತೂತೆಲ್ಲಿತ್ತು ಎಂದು ಬಟ್ಟೆಯ ಒಡೆಯನಿಗೂ ತಿಳಿಯುವುದಿಲ್ಲ. ಇಷ್ಟು ವರ್ಷ ಪದಕೋಶ ಮಗುಚಿಹಾಕಿದ ನನಗೆ ಈ ಪದ ಹೊಳೆದಿರಲಿಲ್ಲ.

ಈ ಕಾಯಿಲೆಗೆ ಹೆಸರಿಟ್ಟವರೆಲ್ಲ ಬಣ್ಣಕ್ಕೆ ಜೋತುಬಿದ್ದಿದ್ದಾರೆ. ಗ್ಲಾಕೋಮಾ ಬಂದದ್ದು ಗ್ರೀಕಿನ ‘ಗ್ಲಾಕೋಸ್’ನಿಂದ, ತಿಳಿ ನೀಲಿ ಹಸಿರು ಬೂದಿಗಳ ನಡುವಿನ ಯಾವುದೋ ಬಣ್ಣ. ಹಿಂದಿಯಲ್ಲಿ ಕಾಲಾ ಮೋತಿಯಾ, ಅಲ್ಲೂ ಕಪ್ಪೇ. ಮರಾಠಿಯ ಕಾಚಬಿಂದುವಿನಲ್ಲಿ ಗಾಜು, ಅದರ ಜೊತೆಗಾರ ಮೋತಿಬಿಂದುವಿನಲ್ಲಿ ಮುತ್ತು. ಈ ಜೋಡಿಯೇ ಅಪಾಯ. ಮೋತಿಬಿಂದು ಅಂದರೆ ಕಣ್ಣಿನ ಪೊರೆ. ಮಸೂರ ಮಂಜಾಗುತ್ತದೆ, ತೆಗೆದು ಬೇರೆ ಹಾಕಿದರೆ ನೋಟ ಮರಳುತ್ತದೆ. ‘ಪೊರೆ ಬಲೀಲಿ, ಆಮ್ಯಾಲ ತೆಗಸೂಣು’ ಎಂದು ಕಾಯುವ ರೂಢಿ ನಮ್ಮಲ್ಲಿ ಹಳೆಯದು. ನಮ್ಮ ದೊಡ್ಡಪ್ಪ ಹಾಗೆ ಕಾದೇ ಎರಡೂ ಕಣ್ಣು ಕಳೆದುಕೊಂಡರು. ‘ಪೊರೆ ಹೆಚ್ಚ ಬಲ್ತು’ ಎಂದರು ಮನೆಯವರು. ಪೊರೆ ಎಷ್ಟೇ ಬಲಿಯಲಿ, ತೆಗೆದ ಮೇಲೆ ಬೆಳಕು ಬರಬೇಕಿತ್ತು. ಬರಲಿಲ್ಲ. ಅವರಿಗೆ ಇದ್ದದ್ದು ಯಾವುದು ಎಂದು ಈಗ ಅನುಮಾನಿಸಬಹುದಷ್ಟೆ.

ಕನ್ನಡದಲ್ಲಿ ‘ನೋಡು’ ಬೇರೆ, ‘ಕಾಣು’ ಬೇರೆ. ನೋಡುವುದು ನಾನು, ಕಾಣುವುದು ವಸ್ತು, ‘ನನಗೆ’ ಕಾಣುತ್ತದೆ. ‘ಕಾಣುತ್ತಿಲ್ಲ’ ಎಂದು ದೂರಬೇಕಾದರೂ ಅಲ್ಲಿ ಏನೋ ಇದೆ ಎಂದು ನನಗೆ ಗೊತ್ತಿರಬೇಕು. ಮಂಜು ಕವಿದರೆ, ಕತ್ತಲಾದರೆ ಗೊತ್ತಾಗುತ್ತದೆ. ಅಪ್ಪನ ಹಲಗೆಯ ಮೇಲೆ ಕತ್ತರಿಯ ಜಾಗದಲ್ಲಿ ಹಲಗೆಯೇ ಇತ್ತು. ಆದ್ದರಿಂದ ಅವನು ಒಮ್ಮೆಯೂ ಕಣ್ಣು ಕಾಣುತ್ತಿಲ್ಲ ಎನ್ನಲಿಲ್ಲ, ಕತ್ತರಿ ಯಾರು ತೆಗೆದುಕೊಂಡಿರಿ ಎಂದ. ಚೆನ್ನೈ ಸುತ್ತಮುತ್ತ, ಆಂಧ್ರದಲ್ಲಿ ಜನರ ಕಣ್ಣು ತಪಾಸಿಸಿದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದ ಹತ್ತು ಮಂದಿಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ತಮಗದು ಇದೆಯೆಂದೇ ಗೊತ್ತಿರಲಿಲ್ಲ. ನನಗೆ ಈಗ ಅದು ಆಶ್ಚರ್ಯ ಅನಿಸುವುದಿಲ್ಲ.

ಹೋದ ನೋಟ ಬರುವುದಿಲ್ಲ. ಹನಿ, ಲೇಸರ್, ಆಪರೇಷನ್ ಎಲ್ಲವೂ ಒತ್ತಡ ಇಳಿಸಿ ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ. ಅಪ್ಪನಿಗೆ ರಾತ್ರಿ ಒಂದು ಹನಿ, ಬೆಳಿಗ್ಗೆ ಸಂಜೆ ಇನ್ನೊಂದು. ಎರಡನೆಯದನ್ನು ಬರೆಯುವ ಮೊದಲು ದಮ್ಮು ಇದೆಯೇ ಎಂದು ಡಾಕ್ಟರು ಎರಡೆರಡು ಸಲ ಕೇಳಿದರು, ಅದು ದಮ್ಮಿನವರಿಗೆ ಆಗದ ಔಷಧಿ. ಕಣ್ಣು ಕೆಂಪಾದಾಗ ಮೆಡಿಕಲ್ ಶಾಪಿನಿಂದ ಹನಿ ತಂದು ಹಾಕಿಕೊಳ್ಳುತ್ತೀರಾ ಎಂದೂ ಕೇಳಿದರು. ಹಾಕಿಕೊಳ್ಳುತ್ತಿದ್ದ, ಬಟ್ಟೆಯ ಧೂಳಿಗೆ ಕಣ್ಣು ಕೆರೆದಾಗಲೆಲ್ಲ. ಅಂಥ ಹನಿಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಇರುವಂಥವು, ದಿನಗಟ್ಟಲೆ ಬಳಸಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಅದರಿಂದಲೇ ಆಯಿತು ಎಂದು ಡಾಕ್ಟರು ಹೇಳಲಿಲ್ಲ. ಮತ್ತೆ ಮುಟ್ಟಬೇಡಿ ಎಂದರು.

ತಿಂಗಳಾದ ಮೇಲೆ ಗದಗಿನಿಂದ ಫೋನು: “ಏನೂ ಫರಕ್ ಇಲ್ಲವಾ. ಕಣ್ಣ ಉರೀತಾವು. ಬಿಡ್ಲೇನು?” ಎಷ್ಟೋ ಜನ ಬಿಡುವುದು ಇಲ್ಲೇ. ಕೆಲಸ ಮಾಡಿದರೂ ಏನೂ ಕಾಣಿಸದ ಔಷಧಿ ಇದು. ಬಿಟ್ಟರೂ ಏನೂ ಕಾಣಿಸುವುದಿಲ್ಲ, ವರ್ಷಗಳ ಕಾಲ. “ರಫೂ ಮಾಡಿದ ಬಟ್ಟಿ ಮತ್ತ ಹರಿದಂಗ ನೋಡಿಕೊಳ್ಳೂದಪಾ, ಅಷ್ಟ,” ಎಂದೆ. ಅಂಗಡಿಯ ಗೋಡೆಯ ಮೇಲೆ ಬಟ್ಟೆ ಗುರುತು ಹಾಕುವ ಚಾಕಿನಿಂದ ದಿನಕ್ಕೆ ಮೂರು ಗೆರೆ ಎಳೆಯುತ್ತಿದ್ದಾನಂತೆ. ಅವ್ವ ಫೋಟೋ ಕಳಿಸಿದ್ದಳು. ಮಂಗಳವಾರ ಎರಡೇ ಗೆರೆ ಇತ್ತು, ಕೇಳಿದೆ, ಬೈಸಿಕೊಂಡೆ.

ಅಪ್ಪನಿಗಿದ್ದರೆ ಮಕ್ಕಳಿಗೆ ಅಪಾಯ ಹಲವು ಪಟ್ಟು. ನನಗೆ 36. ನಾನೂ ಹೋಗಿ ಆ ಬಿಳಿ ಗುಮ್ಮಟದೊಳಗೆ ಗಲ್ಲ ಊರಿ ಕೂತೆ. ನಡುವಿನ ದೀಪವನ್ನೇ ನೋಡುತ್ತಿರಬೇಕು, ಪಕ್ಕದಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಎರಡು ನಿಮಿಷದಲ್ಲಿ ಕಂಡದ್ದು ಯಾವುದು, ಕಂಡಿತೆಂದುಕೊಂಡದ್ದು ಯಾವುದು ಗೊತ್ತಾಗದೆ ಬೆವರಿದೆ. ಒಳ್ಳೆಯ ಕಣ್ಣಿಗೂ ಅರ್ಧದಷ್ಟು ಬೆಳಕು ಕಾಣದ ಹಾಗೆ ಯಂತ್ರ ಮಂದ ಮಾಡುತ್ತ ಹೋಗುತ್ತದೆ ಎಂದು ಆ ಹುಡುಗಿ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ನನ್ನ ಒತ್ತಡ 17, ನೋಟ ಪೂರ್ತಿ ಇದೆ, ನರದ ಬಟ್ಟಲು ಮಾತ್ರ ತುಸು ಅಗಲ. ವರ್ಷಕ್ಕೊಮ್ಮೆ ಬರಬೇಕು.

ಕರಪತ್ರದ ಸಂಸ್ಥೆಗೆ ಬರೆದೆ: ಆ ಚಿತ್ರ ತೆಗೆಯಿರಿ, ಆ ಸಾಲಿಗೆ ಬದಲು ಬೇರೆ ಸಾಲು ಕೊಡುತ್ತೇನೆ, ದುಡ್ಡು ಬೇಡ. ಮೂಲ ಪಠ್ಯ ಅನುಮೋದಿತವಾದದ್ದು, ಅನುವಾದ ಅದಕ್ಕೆ ಹೊಂದಿರಬೇಕು ಎಂದು ಉತ್ತರ ಬಂತು. ಎರಡನೇ ಪತ್ರಕ್ಕೆ ಉತ್ತರ ಬಂದಿಲ್ಲ. ಆ ಸಾಲು ಎಲ್ಲೆಲ್ಲಿ ಹಂಚಿಹೋಗಿದೆಯೋ ತಿಳಿಯದು.

ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ಅವನಿಗೆ 33. ಆರು ತಿಂಗಳಿಂದ ಹೇಳುತ್ತಿದ್ದೇನೆ, ಆಸ್ಪತ್ರೆ ಅವನ ಆಫೀಸಿನಿಂದ ಹತ್ತು ನಿಮಿಷದ ದಾರಿ. ನಿನ್ನೆ ಮತ್ತೆ ಫೋನು ಮಾಡಿದೆ.

“ನಂಗ ಎಲ್ಲಾ ಛಲೋ ಕಾಣ್ತೈತಿ ಅಕ್ಕಾ,” ಎಂದ.